ಕೆಂಡ, ಗ್ಯಾಸು, ಕರೆಂಟು: ದೆಹಲಿ ಚಳಿಯ ಲೆಕ್ಕಾಚಾರ

ಕೆಲಸಕ್ಕೆಂದು ದೆಹಲಿಗೆ ಬಂದ ಕನ್ನಡಿಗರು ಮೊದಲ ಡಿಸೆಂಬರ್‌ನಲ್ಲಿ ಕೇಳುವ ಪ್ರಶ್ನೆ ಒಂದೇ: ‘ಯಾವ ಹೀಟರ್ ತಗೊಂಡ್ರೆ ಒಳ್ಳೇದು?’ ಫ್ರಿಜ್ಜು, ಮಿಕ್ಸಿ, ವಾಷಿಂಗ್ ಮಷಿನ್ ಕೊಳ್ಳುವಾಗ ಸಲಹೆ ಕೊಡಲು ಮನೆಯಲ್ಲಿ ಯಾರಾದರೊಬ್ಬರು ಅನುಭವಸ್ಥರು ಇದ್ದೇ ಇರುತ್ತಾರೆ. ಹೀಟರ್ ವಿಷಯಕ್ಕೆ ಅಪ್ಪನನ್ನು ಕೇಳಿದರೂ ಅಷ್ಟೇ, ಸೋದರಮಾವನನ್ನು ಕೇಳಿದರೂ ಅಷ್ಟೇ. ಬೆಂಗಳೂರಿನ ದಾಖಲೆಯಲ್ಲಿರುವ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ದೆಹಲಿಯ ಸಫ್ದರ್‌ಜಂಗ್‌ನಲ್ಲಿ 2021ರ ಜನವರಿ 1ರ ಬೆಳಿಗ್ಗೆ 1.1 ಡಿಗ್ರಿ ಇತ್ತು. ಬೆಂಗಳೂರಿಗೆ ಶತಮಾನಕ್ಕೊಮ್ಮೆ ಬಂದ ಚಳಿ ಇಲ್ಲಿ ಜನವರಿಯ ಮಾಮೂಲು ಮುಂಜಾವು.

ಹೊಸಬರಿಗೆ ಇನ್ನೊಂದು ಸಂಗತಿ ಅರ್ಥವಾಗುವುದು ತಡ. ಮಧ್ಯಾಹ್ನ ಬಿಸಿಲಿಗೆ ಪಾರ್ಕಿನಲ್ಲಿ ಕಡಲೆಕಾಯಿ ತಿನ್ನುತ್ತಾ ಕೂತರೆ ಹಿತವಾಗಿರುತ್ತದೆ. ಮನೆಯೊಳಗೆ ಕಾಲಿಟ್ಟರೆ ಕೊರೆಯುತ್ತದೆ. ಇಲ್ಲಿನ ಮನೆಗಳನ್ನು ಕಟ್ಟಿರುವುದು ಮೇ, ಜೂನ್ ಸೆಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಮಾರ್ಬಲ್ ನೆಲ, ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಒಂಟಿ ಗಾಜಿನ ಕಿಟಕಿ, ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದು. ಹೀಟರ್ ಹಾಕಿ ಒಂದು ಗಂಟೆಯಾದರೂ ರೂಮು ಬೆಚ್ಚಗಾಗಲಿಲ್ಲ ಎಂದು ಅಂಗಡಿಯವನನ್ನು ಬೈಯುವ ಮೊದಲು ಒಂದು ಸಣ್ಣ ಲೆಕ್ಕ ಮಾಡಿ ನೋಡಬೇಕು. ಹತ್ತು ಅಡಿ, ಹನ್ನೆರಡು ಅಡಿಯ ರೂಮು, ಎತ್ತರ ಹತ್ತಡಿ. ಅದರೊಳಗಿನ ಗಾಳಿಯ ತೂಕ ಸುಮಾರು 40 ಕಿಲೋ. ಅಷ್ಟನ್ನು 10 ಡಿಗ್ರಿ ಏರಿಸಲು ಒಂದು ಯೂನಿಟ್ ಕರೆಂಟಿನ ಎಂಟೊಂಬತ್ತರಲ್ಲಿ ಒಂದು ಪಾಲು ಸಾಕು. 1000 ವ್ಯಾಟ್ ಹೀಟರಿಗೆ ಏಳು ನಿಮಿಷದ ಕೆಲಸ. ಆದರೆ ಗೋಡೆ? ನಾಲ್ಕು ಗೋಡೆ ಸೇರಿ ಸುಮಾರು 40 ಚದರ ಮೀಟರ್. ಅಷ್ಟು ಇಟ್ಟಿಗೆಯನ್ನು ಪೂರ್ತಿ ಒಂದೇ ಒಂದು ಡಿಗ್ರಿ ಬಿಸಿ ಮಾಡಲು 4 ಯೂನಿಟ್ ಬೇಕು. ಅಂದರೆ ನಾವು ಬಿಸಿ ಮಾಡುತ್ತಿರುವುದು ರೂಮನ್ನಲ್ಲ, ಮಾಲೀಕರ ಗೋಡೆಯನ್ನು. ದಪ್ಪ ಪರದೆ, ಮಂಚದ ಪಕ್ಕಕ್ಕೊಂದು ಜಮಖಾನೆ, ಬಾಗಿಲ ಸಂದಿಗೆ ಹಳೆ ಸೀರೆಯ ಸುರುಳಿ, ಇವುಗಳ ಬೆಲೆ ಗೊತ್ತಾಗುವುದು ಈ ಲೆಕ್ಕ ಮಾಡಿದಾಗಲೇ.

ಹೀಟರ್ ಅಂಗಡಿಗೆ ಹೋದರೆ ಬಗೆಬಗೆಯ ಪ್ರವಚನ ಕೇಳಬೇಕಾಗುತ್ತದೆ. ಕೆಂಪಗೆ ಉರಿಯುವ ರಾಡ್ ಹೀಟರ್, ಬಿಸಿಗಾಳಿ ಊದುವ ಬ್ಲೋವರ್, ಒಳಗೆ ಎಣ್ಣೆ ತುಂಬಿದ, ಚಕ್ರವಿರುವ ಆಯಿಲ್ ಹೀಟರ್. ಯಾವುದು ಜಾಸ್ತಿ ಬಿಸಿ ಕೊಡುತ್ತದೆ? ಸತ್ಯ ಹೇಳಬೇಕೆಂದರೆ ಎಲ್ಲವೂ ಒಂದೇ. 1000 ವ್ಯಾಟ್ ಒಳಗೆ ಹೋದರೆ 1000 ವ್ಯಾಟ್ ಶಾಖವೇ ಹೊರಗೆ ಬರುತ್ತದೆ, ಐನೂರರ ಹೀಟರಿರಲಿ, ಹದಿನೈದು ಸಾವಿರದ್ದಿರಲಿ. ವ್ಯತ್ಯಾಸ ಇರುವುದು ಆ ಶಾಖ ನಮ್ಮನ್ನು ತಲುಪುವ ದಾರಿಯಲ್ಲಿ. ರಾಡ್ ಹೀಟರ್ ಬಿಸಿಲಿದ್ದಂತೆ, ಎದುರಿಗೆ ಕೂತವರಿಗೆ ಕೂಡಲೇ ತಾಕುತ್ತದೆ, ಬೆನ್ನಿಗೆ ಏನೂ ಇಲ್ಲ. ಬ್ಲೋವರ್ ಗಾಳಿಯನ್ನು ಬೇಗ ಬಿಸಿ ಮಾಡುತ್ತದೆ, ನಿಲ್ಲಿಸಿದ ಕೂಡಲೇ ಚಳಿ ವಾಪಸ್. ಎಣ್ಣೆಯದು ಬಿಸಿಯಾಗಲು ಅರ್ಧ ಗಂಟೆ ಹಿಡಿದರೂ ಥರ್ಮೋಸ್ಟಾಟ್ ಇರುವುದರಿಂದ ರಾತ್ರಿಯಿಡೀ ತಾನೇ ಆರಿ ತಾನೇ ಹೊತ್ತಿಕೊಳ್ಳುತ್ತದೆ. ಒಳಗಿನ ಎಣ್ಣೆ ಸುಡುವುದಿಲ್ಲ, ಮುಗಿಯುವುದೂ ಇಲ್ಲ. ಮಕ್ಕಳಿರುವ ಮನೆಗೆ ನಾನು ಹೇಳುವುದು ಇದನ್ನೇ.

‘ನಮ್ಮದು ಆಕ್ಸಿಜನ್ ಸುಡೋದಿಲ್ಲ ಸರ್’ ಎಂದು ಅಂಗಡಿಯವರು ಹೆಮ್ಮೆಯಿಂದ ಹೇಳುತ್ತಾರೆ. ಕರೆಂಟಿನ ಯಾವ ಹೀಟರೂ ಆಕ್ಸಿಜನ್ ಸುಡುವುದಿಲ್ಲ. ಅದು ಬೆಂಕಿಯ ಕೆಲಸ. ಇನ್ನು ಗಾಳಿ ಒಣಗುವ ಮಾತು. 7 ಡಿಗ್ರಿಯ ಮಂಜು ಗಾಳಿಯನ್ನು 20 ಡಿಗ್ರಿಗೆ ಏರಿಸಿದರೆ 90 ಪ್ರತಿಶತ ಇದ್ದ ಸಾಪೇಕ್ಷ ಆರ್ದ್ರತೆ 40ರ ಹತ್ತಿರಕ್ಕೆ ಇಳಿಯುತ್ತದೆ. ಯಾವುದರಿಂದ ಬಿಸಿ ಮಾಡಿದರೂ ಇದು ತಪ್ಪದು. ಮೂಗು ಒಣಗುವವರು ಹಸಿ ಟವೆಲ್ ಒಣಹಾಕಿಕೊಳ್ಳಲಿ. ಆದರೆ ದಯವಿಟ್ಟು ಹೀಟರ್ ಮೇಲೆ ಬೇಡ.

ಈ ಲೇಖನ ಬರೆಯಲು ಕಾರಣ ಹೀಟರ್ ಕೊಳ್ಳುವ ಸಮಸ್ಯೆಯಲ್ಲ. ಬೆಂಕಿಯ ಸಮಸ್ಯೆ.

ಕಳೆದ ಚಳಿಗಾಲ ನೊಯ್ಡಾದಲ್ಲಿ ನಮ್ಮ ಬಳಗದ ಒಬ್ಬರ ಮನೆಯಲ್ಲಿ ಬಾಣಂತನ. ಮಗಳ ಆರೈಕೆಗೆ ಹಾವೇರಿ ಕಡೆಯಿಂದ ತಾಯಿ ಬಂದಿದ್ದರು. ಎಣ್ಣೆಸ್ನಾನ, ಅಂಟಿನುಂಡೆ, ಕಿವಿಗೆ ಹತ್ತಿ ಎಲ್ಲ ಕ್ರಮವಾಗಿ ನಡೆದಿತ್ತು. ಲೋಬಾನ ಹಾಕಲು ಕೆಂಡ ಬೇಕಲ್ಲ, ಅದಕ್ಕೆ ಇದ್ದಿಲು ತರಿಸಿ, ಕಬ್ಬಿಣದ ಬುಟ್ಟಿಯಲ್ಲಿ ಕೆಂಡ ಮಾಡಿ, ಹೇಗೂ ಚಳಿ ಇದೆಯೆಂದು ರಾತ್ರಿ ಅದನ್ನು ಮಂಚದ ಪಕ್ಕಕ್ಕೇ ಇಟ್ಟುಕೊಳ್ಳುವುದೆಂದು ಅವರ ಯೋಜನೆ. ಅಳಿಯ ಬೇಡವೆಂದರೂ ಕೇಳಲಿಲ್ಲ. ಇಂಜಿನಿಯರಿಂಗ್ ಭಾಷೆಯಲ್ಲಿ ಹೇಳಿದರೆ ಕೇಳುತ್ತಾರೇನೋ ಎಂದು ನನ್ನನ್ನು ಕರೆಸಿದ. ನಾನು ಓದಿದ್ದು ಎಂ.ಟೆಕ್, ದಿನವೂ ಮಾಡುವುದು ಕೋಡಿಂಗ್. ಆ ಅಮ್ಮ ಮಾಡಿದ್ದು ಏಳೆಂಟು ಬಾಣಂತನ. ಯಾರ ಮಾತು ನಡೆಯಬೇಕು?

‘ಏನಾಗ್ತದಪ್ಪಾ, ನಾವೆಲ್ಲಾ ಹಿಂಗ ಮಾಡಕೋತ ಬಂದೀವಿ. ಈಕೀನೂ ಹಂಗ ಬೆಳದಾಕಿ’ ಎಂದರು.

‘ಅಮ್ಮಾ, ಊರಾಗ ನಿಮ್ಮದು ಹಂಚಿನ ಮನೀನೋ, ಆರ್‌ಸಿಸೀನೋ?’

‘ಹಂಚಿಂದು. ಬೆಳಕಿಂಡಿ ಅದಾವ.’

ಅಲ್ಲಿಗೆ ವಿಷಯ ಅರ್ಧ ಮುಗಿಯಿತು. ಹಂಚಿನ ಮಾಡಿನ ಸಂದಿನಿಂದ ಹೊಗೆ ಹೊರಗೆ ಹೋಗುತ್ತದೆ, ತಾಜಾ ಗಾಳಿ ಒಳಗೆ ಬರುತ್ತದೆ. ನೊಯ್ಡಾದ ಹದಿನಾಲ್ಕನೇ ಮಹಡಿಯ ಫ್ಲಾಟಿನಲ್ಲಿ ಅಲ್ಯುಮಿನಿಯಂ ಕಿಟಕಿ ಮುಚ್ಚಿ, ಬಾಗಿಲಿಗೆ ಬಟ್ಟೆ ತುರುಕಿದರೆ ಗಾಳಿ ಅಲ್ಲೇ ನಿಲ್ಲುತ್ತದೆ. ಚಳಿಯಲ್ಲಿ ಬೆಂಕಿಯ ಪಕ್ಕ ಕೂರುವ ನಮ್ಮ ಅಭ್ಯಾಸ ಹುಟ್ಟಿದ್ದು ಗಾಳಿ ಸೋರುವ ಮನೆಗಳಲ್ಲಿ. ಮಲೆನಾಡಿನವರು ಬಚ್ಚಲು ಒಲೆಯ ಮುಂದೆ ಕೂತು ಮೈ ಕಾಯಿಸಿಕೊಳ್ಳುವಾಗಲೂ ಬಚ್ಚಲು ಮನೆಗೆ ಮುಚ್ಚಿದ ಸೂರು ಇರುತ್ತಿರಲಿಲ್ಲ. ಅಂದಹಾಗೆ ಉತ್ತರದವರ ಅಂಗೀಠಿ, ನಮ್ಮ ಅಗ್ಗಿಷ್ಟಿಕೆ ಎರಡೂ ಒಂದೇ ಸಂಸ್ಕೃತ ಮೂಲದಿಂದ ಬಂದ ಮಾತುಗಳು. ಪ್ರತಿ ಚಳಿಗಾಲವೂ ಇಲ್ಲಿನ ಪತ್ರಿಕೆಗಳಲ್ಲಿ ಅಂಗೀಠಿ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ ಎಂಬ ಸುದ್ದಿ ಇದ್ದೇ ಇರುತ್ತದೆ. ಸಾಮಾನ್ಯವಾಗಿ ಕಾವಲುಗಾರರು, ಕಟ್ಟಡ ಕಾರ್ಮಿಕರು, ಬಾಡಿಗೆ ಕೋಣೆಯ ಒಂದೇ ಕುಟುಂಬದ ನಾಲ್ಕೈದು ಮಂದಿ.

ಕೊಲ್ಲುವುದು ಕಾರ್ಬನ್ ಮೊನಾಕ್ಸೈಡ್. ಇದ್ದಿಲಾಗಲಿ ಗ್ಯಾಸಾಗಲಿ ಉರಿಯಲು ಸಾಕಷ್ಟು ಆಕ್ಸಿಜನ್ ಸಿಗದಿದ್ದರೆ ಇದು ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಕ್ಸಿಜನ್ನಿಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ಮಂಪರು. ಚಳಿಗಾಲದಲ್ಲಿ ಇವನ್ನೆಲ್ಲ ಯಾರು ಲೆಕ್ಕಕ್ಕಿಡುತ್ತಾರೆ, ನೆಗಡಿ ಎಂದುಕೊಂಡು ಮಲಗುತ್ತಾರೆ. ಮಲಗಿದವರಿಗೆ ಎಚ್ಚರವಾಗುವುದಿಲ್ಲ. ಹೊಗೆ ಕಾಣದ ಕೆಂಡ ನಿರಪಾಯ ಎಂಬ ನಂಬಿಕೆ ನಮ್ಮವರಲ್ಲಿ ಬಲವಾಗಿದೆ. ಹೊಗೆಯಾದರೂ ಕೆಮ್ಮು ಬರಿಸಿ ಎಬ್ಬಿಸುತ್ತದೆ. ನಿಗಿನಿಗಿ ಕೆಂಡ ಎಬ್ಬಿಸುವುದಿಲ್ಲ.

ಗ್ಯಾಸ್ ಹೀಟರ್ ಇದಕ್ಕಿಂತ ನಾಜೂಕಾಗಿ ಕಾಣುತ್ತದೆ, ಅಷ್ಟೇ. ಸಿಲಿಂಡರ್ ಒಳಗೇ ಕೂರಿಸಿ ಮುಂದೆ ಜಾಲರಿ ಕೆಂಪಗೆ ಉರಿಯುವ ಪೆಟ್ಟಿಗೆ ಬೆಟ್ಟದ ಊರುಗಳ ಹೋಟೆಲುಗಳಲ್ಲಿ ಕಾಣಸಿಗುತ್ತದೆ. ಅದಕ್ಕೆ ಹೊಗೆ ಕೊಳವೆ ಇರುವುದಿಲ್ಲ, ಸುಟ್ಟದ್ದೆಲ್ಲ ರೂಮಿಗೇ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ಕೇರಳದ 8 ಪ್ರವಾಸಿಗರು ಒಂದೇ ರೂಮಿನಲ್ಲಿ ತೀರಿಕೊಂಡಿದ್ದು ನೆನಪಿರಬಹುದು. ಅವರಲ್ಲಿ 4 ಮಕ್ಕಳು. ಚಳಿ ತಾಳದೆ ಗ್ಯಾಸ್ ಹೀಟರ್ ಹಾಕಿಸಿಕೊಂಡು, ಬಾಗಿಲು ಕಿಟಕಿ ಭದ್ರ ಮಾಡಿ ಮಲಗಿದ್ದರು. ಆ ಸುದ್ದಿ ಓದಿದಾಗ ನನಗೆ ಅನಿಸಿದ್ದು, ಅವರು ನಮ್ಮ ಹಾಗೆಯೇ ಚಳಿಯ ಊರಿನವರಲ್ಲ. ಕಾಶ್ಮೀರದವರಿಗೋ ಲಡಾಖಿನವರಿಗೋ ಬುಖಾರಿ ಒಲೆಯ ಹೊಗೆ ಕೊಳವೆ ಹೊರಗೆ ಹೋಗಿದೆಯೇ ಎಂದು ನೋಡುವುದು ಚಿಕ್ಕಂದಿನ ಪಾಠ. ಸಮುದ್ರದ ಗಾಳಿಯಲ್ಲಿ, ಬಯಲು ಸೀಮೆಯಲ್ಲಿ ಬೆಳೆದವರಿಗೆ ಆ ಪಾಠ ಯಾರು ಹೇಳಿಕೊಡಬೇಕು? ಹಾಗಂತ ನಮ್ಮ ಊರುಗಳಲ್ಲಿ ಈ ಅಪಾಯ ಇಲ್ಲವೆಂದಲ್ಲ. ಬೆಂಗಳೂರಿನಲ್ಲೇ ಕಿಟಕಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇಟ್ಟು ಸತ್ತವರ ಸುದ್ದಿ ಎಷ್ಟು ಸಲ ಬಂದಿಲ್ಲ.

ಹಾವೇರಿಯ ಅಮ್ಮ ಒಪ್ಪಿದರು, ಆದರೆ ಷರತ್ತಿನ ಮೇಲೆ. ಲೋಬಾನ ಮಾತ್ರ ಬಿಡುವುದಿಲ್ಲ. ಬಾಲ್ಕನಿಯಲ್ಲಿ ಕೆಂಡ ಮಾಡಿ, ಕಿಟಕಿ ತೆರೆದ ಹಾಲ್‌ನಲ್ಲಿ ಎರಡು ನಿಮಿಷ ಕೂದಲಿಗೆ ಕಾವು ಕೊಟ್ಟು, ಬುಟ್ಟಿಯನ್ನು ಮತ್ತೆ ಹೊರಗಿಡುವುದು. ರಾತ್ರಿಗೆ ಎಣ್ಣೆ ಹೀಟರ್. ‘ಇದಕ್ಕ ಕೆಂಡದ ಬಿಸಿ ಬರಂಗಿಲ್ಲ’ ಎಂದು ಅವರು ಗೊಣಗಿದ್ದರಲ್ಲಿ ಸತ್ಯವಿದೆ. ಕೆಂಡದ್ದು ನೇರ ತಾಕುವ ಕಾವು, ಇದರದು ಸುತ್ತಿ ಬಳಸಿ ಬರುವ ಬಿಸಿ.

ದುಡ್ಡಿನ ಮಾತಿಗೆ ಬರೋಣ. ಜನ ಗ್ಯಾಸಿನತ್ತ ಹೋಗುವುದು ಅದಕ್ಕೇ ತಾನೆ. 14.2 ಕಿಲೋ ಸಿಲಿಂಡರ್ ಪೂರ್ತಿ ಉರಿದರೆ ಸುಮಾರು 180 ಯೂನಿಟ್ ಕರೆಂಟಿಗೆ ಸಮನಾದ ಶಾಖ. ಸಿಲಿಂಡರಿಗೆ ₹900 ಎಂದಿಟ್ಟುಕೊಂಡರೆ ಯೂನಿಟ್ಟಿಗೆ ₹5. ಕರೆಂಟಿಗೆ ₹8 ಎಂದಿಟ್ಟುಕೊಳ್ಳೋಣ. ಮೇಲ್ನೋಟಕ್ಕೆ ಗ್ಯಾಸೇ ಅಗ್ಗ. ಆದರೆ ಬಳಸುವಾಗ ಕಿಟಕಿ ತೆರೆದಿಡಬೇಕು, ಆಗ ಆ ಶಾಖದ ದೊಡ್ಡ ಪಾಲು ಗಲ್ಲಿಗೆ. ಜೊತೆಗೆ ಒಂದು ಕಿಲೋ ಗ್ಯಾಸ್ ಸುಟ್ಟರೆ ಒಂದೂವರೆ ಲೀಟರಿಗೂ ಹೆಚ್ಚು ನೀರು ಆವಿಯಾಗಿ ಹೊರಬರುತ್ತದೆ. ಬೆಳಿಗ್ಗೆ ಗೋಡೆಯೆಲ್ಲ ಬೆವರಿ, ಬೀರುವಿನ ಹಿಂದೆ ಬೂಸ್ಟು.

ಈ ಲೆಕ್ಕವನ್ನು ಬುಡಮೇಲು ಮಾಡುವುದು ಬಿಸಿಯನ್ನೂ ಕೊಡುವ ಎ.ಸಿ. ಇಲ್ಲಿ ಅದನ್ನು ‘ಹಾಟ್ ಆ್ಯಂಡ್ ಕೋಲ್ಡ್’ ಎನ್ನುತ್ತಾರೆ. ಫ್ರಿಜ್ಜಿನ ಹಿಂಭಾಗ ಬೆಚ್ಚಗಿರುವುದಿಲ್ಲವೇ? ಒಳಗಿನ ಶಾಖ ಎಳೆದು ಹೊರಗೆ ಹಾಕಿದ್ದರ ಫಲ ಅದು. ಈ ಎ.ಸಿ. ಚಳಿಗಾಲದಲ್ಲಿ ಉಲ್ಟಾ ನಡೆದು ಹೊರಗಿನ ಗಾಳಿಯ ಶಾಖವನ್ನು ಒಳಗೆ ತರುತ್ತದೆ. 5 ಡಿಗ್ರಿಯ ಗಾಳಿಯಲ್ಲೂ ಎಳೆದುಕೊಳ್ಳುವಷ್ಟು ಶಾಖ ಇರುತ್ತದೆ. ಇದು ಶಾಖವನ್ನು ತಯಾರಿಸುವುದಿಲ್ಲ, ಸಾಗಿಸುತ್ತದೆ; ಹಾಗಾಗಿ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ. ಯೂನಿಟ್ ಶಾಖಕ್ಕೆ ₹3 ಕೂಡ ಆಗದು, ಗ್ಯಾಸಿಗಿಂತ ಅಗ್ಗ. ಚಳಿ ಹೆಚ್ಚಾದಷ್ಟೂ ಲಾಭ ಇಳಿಯುತ್ತದೆ, ಹೊರಗಿನ ಯಂತ್ರಕ್ಕೆ ಹಿಮ ಕಟ್ಟಿ ನಡುನಡುವೆ ನಿಂತು ಕರಗಿಸಿಕೊಳ್ಳುತ್ತದೆ. ದೆಹಲಿ ಚಳಿಗೆ ಇದೇನೂ ದೊಡ್ಡ ಅಡ್ಡಿಯಲ್ಲ. ಹೇಗೂ ಬೇಸಿಗೆಗೆ ಎ.ಸಿ. ಕೊಳ್ಳುವವರು ಸ್ವಲ್ಪ ಹೆಚ್ಚು ಕೊಟ್ಟು ಇದನ್ನೇ ಕೊಳ್ಳುವುದು ಜಾಣತನ. ತಂಪು ಮಾತ್ರ ಕೊಡುವ ಎ.ಸಿ.ಯ ರಿಮೋಟಿನಲ್ಲಿ 30 ಡಿಗ್ರಿ ಒತ್ತಿದರೆ ಬಿಸಿ ಬರುವುದಿಲ್ಲ. ನಮ್ಮ ಆಫೀಸಿನಲ್ಲಿ ಒತ್ತಿ ಕಾಯುವವರನ್ನು ನೋಡಿದ್ದೇನೆ.

ಬಾಡಿಗೆ ಮನೆಯಲ್ಲಿ, ಪಿ.ಜಿ.ಯಲ್ಲಿ ಇರುವ ಹುಡುಗ ಹುಡುಗಿಯರಿಗೆ ಇದು ದೂರದ ಮಾತು. ಅವರಿಗೆ ನನ್ನ ಸಲಹೆ, ರೂಮನ್ನು ಬಿಟ್ಟು ಹಾಸಿಗೆಯನ್ನು ಬಿಸಿ ಮಾಡಿ. ಒಬ್ಬರ ಎಲೆಕ್ಟ್ರಿಕ್ ಹಾಸು 60ರಿಂದ 100 ವ್ಯಾಟ್. 2000 ವ್ಯಾಟ್ ಹೀಟರ್ ಎಂಟು ಗಂಟೆ ಬಿಡದೆ ಉರಿದರೆ 16 ಯೂನಿಟ್, ಹಾಸು ರಾತ್ರಿಯಿಡೀ ಇದ್ದರೂ ಒಂದು ಯೂನಿಟ್ ಒಳಗೆ. ಮಡಿಸಿ ಇಡಬಾರದು, ಸುರುಳಿ ಸುತ್ತಬೇಕು. ಹಸುಗೂಸಿಗೆ, ಮಗ್ಗುಲು ಬದಲಿಸಲಾಗದ ರೋಗಿಗಳಿಗೆ ಬೇಡ. ಮಲಗುವ ಅರ್ಧ ಗಂಟೆ ಮುಂಚೆ ಹಾಕಿ, ಮಲಗುವಾಗ ಆರಿಸಿದರೂ ಒಳ್ಳೆಯ ರಜಾಯಿ ಬೆಳಗಿನವರೆಗೆ ಕಾಯುತ್ತದೆ.

ಕರೆಂಟಿಗೂ ಅದರದೇ ಅಪಾಯವಿದೆ, ಅದನ್ನು ಮುಚ್ಚಿಡುವಂತಿಲ್ಲ. ಮನೆಯ ಸಣ್ಣ ಪ್ಲಗ್ 6 ಆಂಪ್‌ನದು, ಹೆಚ್ಚೆಂದರೆ 1380 ವ್ಯಾಟ್. 2000 ವ್ಯಾಟ್ ಹೀಟರ್ ಸುಮಾರು 9 ಆಂಪ್ ಎಳೆಯುತ್ತದೆ. ಅದಕ್ಕೆ ದಪ್ಪ ಕಾಲಿನ 16 ಆಂಪ್ ಪ್ಲಗ್ಗೇ ಬೇಕು. ಪಾಯಿಂಟ್ ದೂರವಿದೆಯೆಂದು ಮೊಬೈಲ್ ಚಾರ್ಜ್ ಮಾಡುವ ಎಕ್ಸ್‌ಟೆನ್ಷನ್ ಬಾಕ್ಸಿಗೆ ಕನ್ವರ್ಟರ್ ಸಿಕ್ಕಿಸಿ ಹೀಟರ್ ಹಾಕುವವರು ವೈರ್ ಮುಟ್ಟಿ ನೋಡಲಿ, ಅದೂ ಒಂದು ಹೀಟರೇ ಆಗಿರುತ್ತದೆ. ನಾನು ಮೊದಲಿದ್ದ ಮನೆಯಲ್ಲಿ ಮಲಗುವ ಕೋಣೆಗೆ ಒಂದೂ 16 ಆಂಪ್ ಪಾಯಿಂಟ್ ಇರಲಿಲ್ಲ. ಹಾಕಿಸಿಕೊಡಿ ಎಂದರೆ ಮಾಲೀಕರು ‘ಎರಡು ತಿಂಗಳ ಚಳಿಗೆ ಗೋಡೆ ಕೆಡಿಸ್ತೀರಾ’ ಎಂದರು. ಕೊನೆಗೆ ನನ್ನ ಖರ್ಚಿನಲ್ಲೇ ಹಾಕಿಸಿದೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ಪ್ಲಗ್ ಪಾಯಿಂಟ್ ಎಣಿಸುವುದು ದೆಹಲಿ ಕಲಿಸಿದ ವಿದ್ಯೆ.

ಈ ಜನವರಿಯಲ್ಲಿ ನಾವು ನಾಲ್ವರು ಬಾಡಿಗೆಗೆ ಕ್ಯಾಂಪರ್ ವ್ಯಾನ್ ಹಿಡಿದು ಕುಲು ಕಣಿವೆಗೆ ಹೊರಟಾಗ ಇದೇ ಲೆಕ್ಕ ಇನ್ನೂ ಚಿಕ್ಕ ಕೋಣೆಗೆ ಬಂತು. ಅಮೆರಿಕದ ಮೋಟಾರ್‌ಹೋಮ್‌ಗಳಲ್ಲಿ ಪ್ರೊಪೇನ್ ಫರ್ನೇಸ್ ಇರುತ್ತದೆ. ಅದರ ಜಾಣತನ ಏನೆಂದರೆ, ಉರಿಯಲು ಬೇಕಾದ ಗಾಳಿ ಹೊರಗಿನಿಂದ ಬರುತ್ತದೆ, ಸುಟ್ಟ ಹೊಗೆ ಹೊರಗೇ ಹೋಗುತ್ತದೆ. ಒಳಗೆ ಬರುವುದು ಲೋಹದ ಗೋಡೆಯಾಚೆ ಬಿಸಿಯಾದ ಗಾಳಿ ಮಾತ್ರ. ಆ ಲೋಹ ಬಿರುಕು ಬಿಡಬಹುದೆಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇರೆ. ಅಷ್ಟಿದ್ದೂ ಅಲ್ಲಿ ಬಹಳ ಜನ ಕರೆಂಟ್ ಹೀಟರ್ ಬಳಸುತ್ತಾರೆ. ತಂಗುವ ಜಾಗದ ಬಾಡಿಗೆಯಲ್ಲೇ ಅನೇಕ ಕಡೆ ಕರೆಂಟ್ ಸೇರಿರುತ್ತದೆ, ಪ್ರೊಪೇನ್ ಮಾತ್ರ ಕೈಯಿಂದ ಕೊಳ್ಳಬೇಕು. ಆದರೆ ಅವರ 30 ಆಂಪ್, 120 ವೋಲ್ಟ್ ಸಂಪರ್ಕ ಕೊಡುವುದು 3600 ವ್ಯಾಟ್. 1500 ವ್ಯಾಟಿನ ಎರಡು ಹೀಟರಿಗೆ ಮುಗಿಯಿತು. 30 ಸಾವಿರ ಬಿಟಿಯು ಫರ್ನೇಸ್ ಎಂದರೆ ಹೆಚ್ಚುಕಡಿಮೆ 8800 ವ್ಯಾಟ್. ಜೊತೆಗೆ ಫರ್ನೇಸಿನ ಬಿಸಿಗಾಳಿ ಎಷ್ಟೋ ಗಾಡಿಗಳಲ್ಲಿ ನೆಲದಡಿಯ ನೀರಿನ ಪೈಪನ್ನೂ ಕಾಯುತ್ತದೆ. ಒಳಗೆ ಕರೆಂಟ್ ಹೀಟರ್ ಹಾಕಿ ಜನ ಬೆಚ್ಚಗೆ ಮಲಗಿರುವಾಗ ಕೆಳಗೆ ಪೈಪು ಹೆಪ್ಪುಗಟ್ಟಿ ಒಡೆಯುವುದುಂಟು. ಹಾಗಾಗಿ ಕಡು ಚಳಿಗೆ ಅವರು ಫರ್ನೇಸ್ ಬಿಡುವುದಿಲ್ಲ.

ನಮ್ಮ ವ್ಯಾನಿನಲ್ಲಿ ಫರ್ನೇಸೂ ಇರಲಿಲ್ಲ, ಅಲಾರಮ್ಮೂ ಇರಲಿಲ್ಲ. ಬಾಡಿಗೆ ಕೊಟ್ಟವರು ಪ್ರೀತಿಯಿಂದ ಒಂದು ಪುಟ್ಟ ಸಿಲಿಂಡರ್, ಅದರ ತಲೆಯ ಮೇಲೆ ಕೂರುವ ಗ್ಯಾಸ್ ಹೀಟರ್ ಇಟ್ಟಿದ್ದರು. ‘ಕಿಟಕಿ ಎರಡಿಂಚು ತೆಗೆದಿಟ್ಟು ಮಲಗಿ ಸಾಬ್, ಏನೂ ಆಗಲ್ಲ’ ಎಂದರು. ಅದನ್ನು ಅವರ ಅಂಗಳದಲ್ಲೇ ಇಳಿಸಿದೆವು. ವ್ಯಾನಿನಲ್ಲಿದ್ದ 200 ಆಂಪ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಇರುವುದು ಎರಡೂವರೆ ಯೂನಿಟ್. ತೆಳು ತಗಡಿನ ಗಾಡಿ. ಹೊರಗೆ ಸೊನ್ನೆ, ಒಳಗೆ 20 ಡಿಗ್ರಿ ಬೇಕೆಂದರೆ ನನ್ನ ಅಂದಾಜಿಗೆ 1300 ವ್ಯಾಟ್ ಸತತ ಬೇಕು. ಎರಡು ಗಂಟೆಗೆ ಬ್ಯಾಟರಿ ಖಾಲಿ. ಅದೇ 60 ವ್ಯಾಟಿನ ನಾಲ್ಕು ಹಾಸುಗಳಾದರೆ 240 ವ್ಯಾಟ್, ಇಡೀ ರಾತ್ರಿ ಸಾಗುತ್ತದೆ. ಮಲಗಿದ ಮನುಷ್ಯನೂ 70-80 ವ್ಯಾಟಿನ ಹೀಟರೇ, ಅದು ಪುಕ್ಕಟೆ. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಕೆಡುತ್ತದೆ, ಆದ್ದರಿಂದ ಬ್ಯಾಟರಿಗೂ ಒಂದು ಕಂಬಳಿ ಹೊದಿಸಿದೆವು. ಇಂಜಿನ್ ಚಾಲೂ ಇಟ್ಟು ಮಲಗುವ ಯೋಚನೆ ಬಂದದ್ದುಂಟು. ಅದರ ಹೊಗೆಯಲ್ಲೂ ಅದೇ ವಿಷ.

ಲಡಾಖಿನತ್ತ ಚಳಿಗಾಲದಲ್ಲಿ ಹೋಗುವವರು ಡೀಸೆಲ್ ಹೀಟರ್ ಹಾಕಿಸಿಕೊಳ್ಳುತ್ತಾರೆ. ಅದೂ ಅಮೆರಿಕದ ಫರ್ನೇಸಿನ ಹಾಗೆ ಹೊಗೆಯನ್ನು ಹೊರಗೆ ಬಿಡುವಂಥದು, ಕೊಳವೆ ಸರಿಯಾಗಿ ಕೂತಿರಬೇಕು ಅಷ್ಟೆ. ಆ ಚಳಿಗೆ ಸಾಮಾನ್ಯ ಡೀಸೆಲ್ಲೇ ಮೇಣದಂತೆ ಗಟ್ಟಿಯಾಗುತ್ತದೆಂದು 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಅಲ್ಲಿಗೆಂದೇ ಮೈನಸ್ 33 ಡಿಗ್ರಿವರೆಗೆ ಹರಿಯುವ ಡೀಸೆಲ್ ತಂದಿತು.

ಹೊರಡುವ ಮೊದಲು ಆನ್‌ಲೈನ್‌ನಲ್ಲಿ ಒಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ತರಿಸಿದ್ದೆ. ಹೊಗೆಯ ಅಲಾರಂ ಬೇರೆ, ಗ್ಯಾಸ್ ಸೋರಿಕೆಯದು ಬೇರೆ, ಇದು ಬೇರೆ. ಪೆಟ್ಟಿಗೆಯ ಮೇಲೆ ಓದಿ ಕೊಳ್ಳಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಹತ್ತಿರ ಶೇಖರವಾಗುತ್ತದೆ. ಕಾರ್ಬನ್ ಮೊನಾಕ್ಸೈಡ್ ಹೆಚ್ಚುಕಡಿಮೆ ಗಾಳಿಯಷ್ಟೇ ತೂಕ, ರೂಮಿನ ತುಂಬ ಬೆರೆಯುತ್ತದೆ, ಹಾಗಾಗಿ ಇದನ್ನು ಮಲಗುವ ಎತ್ತರದಲ್ಲಿಟ್ಟರೆ ಸಾಕು. ಒಳಗಿನ ಸೆನ್ಸರಿಗೆ ಆಯುಸ್ಸು ಉಂಟು, ಬದಲಿಸಬೇಕಾದ ವರ್ಷ ಹಿಂಬದಿಯಲ್ಲಿ ಬರೆದಿರುತ್ತಾರೆ. ವ್ಯಾನಿನಲ್ಲಿ ಮೂರು ರಾತ್ರಿ ಅದು ಬಾಯಿ ಬಿಡಲಿಲ್ಲ. ಎರಡನೇ ರಾತ್ರಿ ಒಂದು ಹೋಮ್‌ಸ್ಟೇಯ ಅಂಗಳದಲ್ಲಿ ಗಾಡಿ ನಿಲ್ಲಿಸಿ ಅವರ ಪ್ಲಗ್ಗಿನಿಂದ ವೈರ್ ಎಳೆದುಕೊಂಡೆವು. ಬೆಳಿಗ್ಗೆ ಮನೆಯಾಕೆ ಕರೆಂಟಿಗೆಂದು ₹200 ತೆಗೆದುಕೊಂಡರು, ಚಹಾಕ್ಕೆ ಬೇಡವೆಂದರು. ವ್ಯಾನಿನೊಳಗೆ ಆಗ 9 ಡಿಗ್ರಿ. ಹಾಸಿಗೆಯಲ್ಲಿ ಮಾತ್ರ ಯಾರಿಗೂ ಏಳುವ ಮನಸ್ಸಿರಲಿಲ್ಲ.